ಡೆನ್ಮಾರ್ಕಿನ ಪಾದ್ರಿ ಗ್ರುಂಟ್ವಿಗ್

ಚರಿತ್ರೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಪರೀಕ್ಷೆ. ಅರಸರ ಹೆಸರುಗಳು, ಕದನಗಳ ಇಸವಿಗಳು, ಒಪ್ಪಂದಗಳ ಷರತ್ತುಗಳು, ಇವನ್ನೆಲ್ಲ ವರ್ಷದ ಕೊನೆಯವರೆಗೆ ತಲೆಯಲ್ಲಿ ಹೊತ್ತು ಉತ್ತರಪತ್ರಿಕೆಯಲ್ಲಿ ಇಳಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತು. ನಾನೂ ಹಾಗೆಯೇ ತಿಳಿದಿದ್ದೆ. ಕಳೆದ ವರ್ಷ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಚರಿತ್ರೆಯನ್ನು ಓದುತ್ತಿದ್ದಾಗ ಷ್ಲೆಸ್ವಿಗ್ ಮತ್ತು ಹೋಲ್‌ಸ್ಟೀನ್ ಪ್ರಾಂತಗಳ ಪ್ರಶ್ನೆ ಬಂದಿತು. 1864ರ ಯುದ್ಧದಲ್ಲಿ ಗೆದ್ದ ಬಿಸ್ಮಾರ್ಕನಿಗೆ ಪಠ್ಯಪುಸ್ತಕದಲ್ಲಿ ಅನೇಕ ಪುಟಗಳು. ಸೋತ ಡೆನ್ಮಾರ್ಕಿಗೆ ಎರಡೇ ಸಾಲು. ಸೋತವರು ಆಮೇಲೆ ಏನಾದರು ಎಂದು ನಾನು ಕೇಳಿದೆ. ನಮ್ಮ ಅಧ್ಯಾಪಕರು ನಕ್ಕು, ಗ್ರುಂಟ್ವಿಗ್ ಎಂಬ ಹೆಸರನ್ನು ಹೇಳಿ ನನ್ನನ್ನು ಲೈಬ್ರರಿಗೆ ಕಳಿಸಿದರು.

ತನ್ನ ನಾಡಿನ ಚರಿತ್ರೆಯನ್ನು ಓದುತ್ತ ಓದುತ್ತ ದೇವರ ಕಡೆಗೆ ತಿರುಗಿ, ಕೊನೆಗೆ ಆ ಚರಿತ್ರೆಯನ್ನೇ ಪ್ರಾರ್ಥನೆಯನ್ನಾಗಿ ಮಾಡಿ ತನ್ನ ಜನರ ಬಾಯಲ್ಲಿ ಹಾಡಿಸಿದ ಒಬ್ಬ ಪಾದ್ರಿಯ ಪರಿಚಯ ನನಗೆ ಅಲ್ಲಿ ಆಯಿತು. ನಾನು ಕ್ರೈಸ್ತನಲ್ಲ. ಆದರೂ ಅವನ ಬಾಳು ನನ್ನ ಓದಿನ ರೀತಿಯನ್ನೇ ಬದಲಿಸಿತು. ಆದ್ದರಿಂದ ಅದನ್ನು ನನಗೆ ತಿಳಿದಮಟ್ಟಿಗೆ ನನ್ನ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ನಿಕೊಲಾಯ್ ಫ್ರೆಡರಿಕ್ ಸೆವೆರಿನ್ ಗ್ರುಂಟ್ವಿಗನು 1783ನೆಯ ಇಸವಿ ಸೆಪ್ಟೆಂಬರ್ 8ರಂದು ಡೆನ್ಮಾರ್ಕಿನ ಸೀಲೆಂಡ್ ದ್ವೀಪದ ದಕ್ಷಿಣ ಭಾಗದಲ್ಲಿರುವ ಉದ್ಬಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಆ ಹಳ್ಳಿಯ ಪಾದ್ರಿ, ಲೂಥರ್ ಪಂಥದ ಹಳೆಯ ಕಾಲದ ನಿಷ್ಠಾವಂತ. ತಾಯಿಯೇ ಮಗನಿಗೆ ಅಕ್ಷರ ಕಲಿಸಿದಳು. ಆ ಮನೆಯಲ್ಲಿ ಮಲೇನೆ ಎಂಬ ಕಾಲಿಲ್ಲದಂತಾಗಿದ್ದ ಒಬ್ಬ ಬಡ ಮುದುಕಿ ಆಶ್ರಯ ಪಡೆದಿದ್ದಳು. ಅವಳು ಹುಡುಗನಿಗೆ ನಾಡಿನ ಹಳೆಯ ಕಥೆಗಳನ್ನೂ ದೇವರ ಹಾಡುಗಳನ್ನೂ ಹೇಳುತ್ತಿದ್ದಳು. ತನಗೆ ನಿಜವಾದ ಡೇನಿಷ್ ಭಾಷೆಯನ್ನು ಕಲಿಸಿದ ಗುರು ಅವಳೇ ಎಂದು ಗ್ರುಂಟ್ವಿಗನು ಮುಪ್ಪಿನಲ್ಲಿಯೂ ನೆನೆಯುತ್ತಿದ್ದನು.

ಒಂಬತ್ತು ವರ್ಷದವನಾದಾಗ ಅವನನ್ನು ಯೂಟ್ಲೆಂಡಿನ ಬರಡು ಬಯಲಿನ ನಡುವೆ ಇದ್ದ ಥೂರೆಗೋಡ್ ಎಂಬ ಹಳ್ಳಿಗೆ, ಅಲ್ಲಿನ ಪಾದ್ರಿಯ ಮನೆಗೆ ಓದಲು ಕಳಿಸಿದರು. ಆಟಕ್ಕೆ ಜೊತೆಗಾರರು ಕಡಿಮೆ. ಪಾದ್ರಿಯ ಕಪಾಟಿನಲ್ಲಿ ಹಳೆಯ ಚರಿತ್ರೆಯ ಪುಸ್ತಕಗಳಿದ್ದವು. ಹುಡುಗನು ಅವುಗಳಲ್ಲಿ ಮುಳುಗಿದನು. ಮುಂದೆ 1798ರಿಂದ ಎರಡು ವರ್ಷ ಆರ್ಹುಸ್ ಪಟ್ಟಣದ ಲ್ಯಾಟಿನ್ ಶಾಲೆಯಲ್ಲಿ ಕಲಿತನು. ವ್ಯಾಕರಣವನ್ನು ಉರುಹೊಡೆಸುವ ಆ ಶಾಲೆ ಅವನ ಉತ್ಸಾಹವನ್ನೆಲ್ಲ ಹೀರಿಬಿಟ್ಟಿತು. ಜೀವವಿಲ್ಲದ ಅಕ್ಷರವನ್ನು ಮಕ್ಕಳ ಮೇಲೆ ಹೇರುವ ಶಾಲೆಯ ಬಗ್ಗೆ ಅವನಿಗೆ ಹುಟ್ಟಿದ ಕೋಪ ಜೀವಮಾನವೆಲ್ಲ ಆರಲಿಲ್ಲ. 1803ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಿಂದ ದೈವಶಾಸ್ತ್ರದಲ್ಲಿ ಪದವಿ ಪಡೆದು ಹೊರಬಂದಾಗ ಅವನಲ್ಲಿ ಪದವಿಯಿತ್ತು, ಭಕ್ತಿ ಬಹಳವಾಗಿ ಉಳಿದಿರಲಿಲ್ಲ.

ಆ ಕಾಲದಲ್ಲಿ ಡೆನ್ಮಾರ್ಕಿಗೆ ಪೆಟ್ಟಿನ ಮೇಲೆ ಪೆಟ್ಟು ಬೀಳುತ್ತಿತ್ತು. 1807ರಲ್ಲಿ ಇಂಗ್ಲಿಷರ ನೌಕಾಸೇನೆ ಕೋಪನ್‌ಹೇಗನ್ ನಗರದ ಮೇಲೆ ಗುಂಡಿನ ಮಳೆ ಸುರಿಸಿ, ಡೇನಿಷರ ಹಡಗುಪಡೆಯನ್ನು ಎಳೆದುಕೊಂಡು ಹೋಯಿತು. 1813ರಲ್ಲಿ ಸರ್ಕಾರವೇ ದಿವಾಳಿಯಾಯಿತು. 1814ರಲ್ಲಿ ನಾಲ್ಕು ಶತಮಾನಗಳಿಗೂ ಮಿಕ್ಕಿ ಜೊತೆಗಿದ್ದ ನಾರ್ವೆ ಕೈಬಿಟ್ಟಿತು. ಇಂಥ ಹೊತ್ತಿನಲ್ಲಿ ತರುಣ ಗ್ರುಂಟ್ವಿಗನು ನಾಡಿನ ಪ್ರಾಚೀನ ದೇವತೆಗಳ ಮತ್ತು ವೀರರ ಕಥೆಗಳಲ್ಲಿ ಆಸರೆ ಹುಡುಕಿದನು. 1808ರಲ್ಲಿ ಉತ್ತರ ದೇಶಗಳ ಪುರಾಣವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಹೆಸರು ಬಂದಿತು, ಮನಸ್ಸಿಗೆ ಶಾಂತಿ ಬರಲಿಲ್ಲ.

ಅವನ ಬಾಳಿನ ದೊಡ್ಡ ತಿರುವು ಬಂದದ್ದು 1810ರಲ್ಲಿ. ಆ ವರ್ಷ ಅವನು ಪಾದ್ರಿಯಾಗುವವರು ಮಾಡಬೇಕಾದ ಪರೀಕ್ಷಾ ಉಪದೇಶದಲ್ಲಿ, ದೇವರ ವಾಕ್ಯವು ದೇವರ ಮನೆಯಿಂದಲೇ ಏಕೆ ಮಾಯವಾಯಿತು ಎಂದು ರಾಜಧಾನಿಯ ಪಾದ್ರಿಗಳನ್ನು ಪ್ರಶ್ನಿಸಿ ಅವರ ಕೋಪಕ್ಕೆ ಗುರಿಯಾದನು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಜರ್ಮನ್ ಲೇಖಕ ಕೊಟ್ಸೆಬು ಬರೆದ ಪ್ರಷ್ಯದ ಪ್ರಾಚೀನ ಚರಿತ್ರೆ ಅವನ ಕೈಗೆ ಬಂದಿತು. ಆ ಲೇಖಕನು ಪ್ರಷ್ಯಕ್ಕೆ ಕ್ರೈಸ್ತಮತ ಬಂದ ಬಗೆಯನ್ನು ಹೀಯಾಳಿಸಿ ಬರೆದಿದ್ದನು. ಓದುತ್ತಿದ್ದ ಗ್ರುಂಟ್ವಿಗನು ಪುಸ್ತಕವನ್ನು ಎಸೆದು ಎದ್ದು ನಿಂತನು. ಕಳೆದುಹೋದ ಪೀಳಿಗೆಗಳ ವಿಶ್ವಾಸವನ್ನು ಮತ್ತೆ ಎತ್ತಿ ಹಿಡಿಯಲು ದೇವರು ತನ್ನನ್ನು ಕರೆಯುತ್ತಿದ್ದಾನೆ ಎಂದು ಅವನಿಗೆ ತೋರಿತು.

ಆದರೆ ಈ ಆವೇಶದ ಬೆನ್ನಿಗೇ ಒಂದು ಭಯಂಕರ ಸಂದೇಹವೂ ಬಂದಿತು. ಇತರರನ್ನು ಕರೆಯಲು ಹೊರಟ ತಾನು ನಿಜವಾಗಿ ಕ್ರೈಸ್ತನೇ? ಈ ಪ್ರಶ್ನೆಗೆ ಉತ್ತರ ಸಿಗದೆ ಅವನ ಬುದ್ಧಿಯೇ ಕದಡಿಹೋಯಿತು. ಡಿಸೆಂಬರಿನ ಚಳಿಯಲ್ಲಿ ಅವನ ಗೆಳೆಯ, ಮುಂದೆ ತತ್ತ್ವಶಾಸ್ತ್ರಜ್ಞನೆಂದು ಹೆಸರಾದ ಸಿಬರ್ನ್, ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಉದ್ಬಿಗೆ ಹೊರಟನು. ದಾರಿಯಲ್ಲಿ ವಿಂದ್‌ಬಿಹೋಲ್ಟ್ ಎಂಬಲ್ಲಿನ ಛತ್ರದಲ್ಲಿ ರಾತ್ರಿ ತಂಗಿದರು. ನಡುರಾತ್ರಿ ಸಿಬರ್ನ್ ಎಚ್ಚೆತ್ತು ನೋಡಿದಾಗ ಗೆಳೆಯನು ಮೂಲೆಯಲ್ಲಿ ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದನು. ವಿದ್ವತ್ತು ಕೈಬಿಟ್ಟ ಹೊತ್ತಿನಲ್ಲಿ ಅವನಿಗೆ ನೆರವಾದದ್ದು ತಂದೆತಾಯಿಗಳ ಮನೆಯಲ್ಲಿ ಎಳವೆಯಲ್ಲಿ ಕಲಿತ ಪ್ರಾರ್ಥನೆ. ಆ ಚಳಿಗಾಲದಲ್ಲಿಯೇ ಅವನು ಮೂಡಣ ದೇಶದ ಜ್ಞಾನಿಗಳು ನಕ್ಷತ್ರವನ್ನು ಹಿಂಬಾಲಿಸಿ ಬಂದ ಕಥೆಯನ್ನು ಮಕ್ಕಳಿಗಾಗಿ ಹಾಡು ಕಟ್ಟಿದನು. ಇಂದಿಗೂ ಡೆನ್ಮಾರ್ಕಿನಲ್ಲಿ ಕ್ರಿಸ್ಮಸ್ ಕಾಲದಲ್ಲಿ ಅದನ್ನು ಹಾಡುತ್ತಾರೆ.

1811ರಲ್ಲಿ ದೀಕ್ಷೆ ಪಡೆದು, ಮುದಿ ತಂದೆಗೆ ಸಹಾಯಕ ಪಾದ್ರಿಯಾಗಿ ಹಳ್ಳಿಯಲ್ಲಿ ನಿಂತನು. 1812ರಲ್ಲಿ ಒಂದು ಜಗತ್ ಚರಿತ್ರೆಯನ್ನು ಬರೆದನು. ಪ್ರತಿಯೊಂದು ಜನಾಂಗವನ್ನೂ ವಿಶ್ವಾಸದ ಒಂದೇ ಒರೆಗಲ್ಲಿಗೆ ತಿಕ್ಕಿ, ಬದುಕಿದ್ದ ವಿದ್ವಾಂಸರನ್ನೂ ಬಿಡದೆ ತೀರ್ಪು ಕೊಟ್ಟ ಉಗ್ರ ಪುಸ್ತಕವದು. ಇದರಿಂದ ಅವನಿಗೆ ವೈರಿಗಳು ಹೆಚ್ಚಿದರು. ತಂದೆ 1813ರಲ್ಲಿ ತೀರಿಕೊಂಡ ಮೇಲೆ ಹಲವು ವರ್ಷ ಅವನಿಗೆ ಯಾವ ಸಭೆಯ ಕೆಲಸವೂ ದೊರೆಯಲಿಲ್ಲ.

ಆಗ ಅವನು ಮಾಡಿದ ಕೆಲಸವೇ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಡೆನ್ಮಾರ್ಕಿನ ಹಳೆಯ ಚರಿತ್ರೆಯನ್ನು ಸುಮಾರು 1200ರ ವೇಳೆಗೆ ಸಾಕ್ಸೋ ಎಂಬವನು ಲ್ಯಾಟಿನ್ನಿನಲ್ಲಿ ಬರೆದಿದ್ದನು. ನಾರ್ವೆಯ ಅರಸರ ಚರಿತ್ರೆಯನ್ನು ಐಸ್ಲೆಂಡಿನ ಸ್ನೋರಿ ಹದಿಮೂರನೆಯ ಶತಮಾನದಲ್ಲಿ ತನ್ನ ನಾಡಿನ ಪ್ರಾಚೀನ ಭಾಷೆಯಲ್ಲಿ ಬರೆದಿದ್ದನು. ನೇಗಿಲು ಹಿಡಿದ ಡೇನಿಷ್ ರೈತನಿಗೆ ಇವೆರಡೂ ಮುಚ್ಚಿದ ಬಾಗಿಲು. ಗ್ರುಂಟ್ವಿಗನು ಸುಮಾರು ಏಳು ವರ್ಷ ಕುಳಿತು ಇವೆರಡನ್ನೂ ರೈತರು ಮನೆಯಲ್ಲಿ ಆಡುವ ಮಾತಿನಲ್ಲಿ ಬರೆದನು. ಸಂಪುಟಗಳು 1818ರಿಂದ 1822ರವರೆಗೆ ಅಚ್ಚಾದವು. ಇದರ ನಡುವೆಯೇ, 1820ರಲ್ಲಿ, ಇಂಗ್ಲಿಷರ ಪ್ರಾಚೀನ ಕಾವ್ಯವಾದ ಬೇವುಲ್ಫ್ ಅನ್ನು ಡೇನಿಷಿಗೆ ತಂದನು. ಆಧುನಿಕ ಭಾಷೆಯೊಂದರಲ್ಲಿ ಆ ಕಾವ್ಯದ ಮೊಟ್ಟಮೊದಲ ಪೂರ್ಣ ಅನುವಾದ ಅದೇ. ನಮ್ಮ ಇಂಗ್ಲಿಷ್ ಐಚ್ಛಿಕ ತರಗತಿಯ ಗೆಳೆಯರಿಗೆ ಈ ಸಂಗತಿ ಹೊಸದಾಗಿರಬಹುದು.

ಏಳು ವರ್ಷ ಹೀಗೆ ಹಳೆಯ ಕಾಲದಲ್ಲಿ ಮುಳುಗಿದ್ದವನಿಗೆ ಒಂದು ಅರಿವು ಮೂಡಿತು. ಯುದ್ಧ, ಬರ, ಸಾಂಕ್ರಾಮಿಕ ರೋಗ, ಅರಸರ ಅವಿವೇಕ ಎಲ್ಲವನ್ನೂ ದಾಟಿಕೊಂಡು ಈ ಸಣ್ಣ ಜನಾಂಗ ಉಳಿದು ಬಂದಿದೆ. ಇದು ತಮ್ಮ ಸಾಮರ್ಥ್ಯವೇ ಆಗಿದ್ದರೆ ಜಂಬಪಡಬಹುದಿತ್ತು. ಆದರೆ ಚರಿತ್ರೆಯನ್ನು ಪ್ರಾಮಾಣಿಕವಾಗಿ ಓದಿದವನಿಗೆ ತಮ್ಮ ಜನರ ತಪ್ಪುಗಳೇ ಹೆಚ್ಚಾಗಿ ಕಾಣುತ್ತವೆ. ಅಷ್ಟು ತಪ್ಪು ಮಾಡಿದ ಮೇಲೂ ಉಳಿದಿದ್ದೇವೆ ಎಂಬುದು ಅವನ ಪಾಲಿಗೆ ದೇವರ ಕೃಪೆಯ ಗುರುತಾಯಿತು. ಅಲ್ಲಿಂದ ಮುಂದೆ ಅವನ ಚರಿತ್ರೆ ಕೃತಜ್ಞತೆಯಲ್ಲಿ ಮೊದಲಾಗಿ ಬೇಡಿಕೆಯಲ್ಲಿ ಮುಗಿಯತೊಡಗಿತು.

1825ರಲ್ಲಿ ಕ್ಲೌಸೆನ್ ಎಂಬ ಪ್ರೊಫೆಸರನು ಸಭೆಯನ್ನು ಕುರಿತು ಬರೆದ ಗ್ರಂಥಕ್ಕೆ ಗ್ರುಂಟ್ವಿಗನು ಬಿರುಸಾದ ಉತ್ತರವನ್ನು ಅಚ್ಚು ಹಾಕಿಸಿದನು. ಕ್ರೈಸ್ತ ವಿಶ್ವಾಸ ನಿಂತಿರುವುದು ಪಂಡಿತರ ವ್ಯಾಖ್ಯಾನಗಳ ಮೇಲಲ್ಲ. ದೀಕ್ಷಾಸ್ನಾನದ ಹೊತ್ತಿನಲ್ಲಿ ಜನರು ತಲೆತಲಾಂತರದಿಂದ ಬಾಯಿಂದ ಬಾಯಿಗೆ ಒಪ್ಪಿಸಿಕೊಂಡು ಬಂದ ವಿಶ್ವಾಸದ ಮಾತಿನ ಮೇಲೆ ಎಂಬುದು ಅವನ ವಾದ. ಓದುಬರಹವಿಲ್ಲದ ರೈತನ ಹೆಂಡತಿಗೂ ಪ್ರೊಫೆಸರನಿಗೂ ಈ ವಿಷಯದಲ್ಲಿ ಸಮಾನ ಅಧಿಕಾರ ಎಂದಂತಾಯಿತು. ಪ್ರೊಫೆಸರನು ಮಾನನಷ್ಟದ ದಾವೆ ಹೂಡಿ ಗೆದ್ದನು. ಗ್ರುಂಟ್ವಿಗನಿಗೆ ದಂಡ ಬಿದ್ದಿತು. ಅವನು ಬರೆದದ್ದನ್ನೆಲ್ಲ ಮೊದಲು ಅಧಿಕಾರಿಗಳಿಗೆ ತೋರಿಸಿಯೇ ಅಚ್ಚಿಗೆ ಕೊಡಬೇಕೆಂಬ ಕಟ್ಟಳೆಯೂ ಆಯಿತು. ಅದು 1837ರವರೆಗೆ ತೊಲಗಲಿಲ್ಲ.

ಇದೇ ಸಮಯದಲ್ಲಿ ಮತ್ತೊಂದು ಘಟನೆ ನಡೆಯಿತು. 826ರಲ್ಲಿ ಹೆರಾಲ್ಡ್ ಎಂಬ ಅರಸನು ದೀಕ್ಷಾಸ್ನಾನ ಪಡೆದು, ಆನ್ಸ್‌ಗಾರ್ ಎಂಬ ಸಂನ್ಯಾಸಿಯು ಅವನೊಡನೆ ಡೆನ್ಮಾರ್ಕಿಗೆ ಬಂದನು. ಅದಕ್ಕೆ 1826ರಲ್ಲಿ ಸಾವಿರ ವರ್ಷ ತುಂಬಿದ್ದರಿಂದ ದೇಶದ ಚರ್ಚುಗಳಲ್ಲೆಲ್ಲ ಉತ್ಸವ ಏರ್ಪಟ್ಟಿತು. ಸಾವಿರ ವರ್ಷದ ನೆನಪು ಬರಿಯ ಭಾಷಣದಲ್ಲಿ ಮುಗಿಯಬಾರದು, ಜನರೇ ಅದನ್ನು ಹಾಡಿ ಪ್ರಾರ್ಥಿಸಬೇಕು ಎಂದು ಗ್ರುಂಟ್ವಿಗನು ಬಯಸಿದನು. ಡೇನಿಷರು ಮಧ್ಯಯುಗದಿಂದ ಹಾಡುತ್ತಿದ್ದ ಒಂದು ಉದಯರಾಗವನ್ನು ತೆಗೆದುಕೊಂಡು, ಆ ದಿನಕ್ಕೆಂದು ಹೊಸ ಗೀತೆ ಕಟ್ಟಿದನು. ಅದರಲ್ಲಿ ಬೆಳಗಾಗುವುದು ಹೇಗೋ ಒಂದು ಜನಾಂಗಕ್ಕೆ ಬೆಳಕು ಬಂದದ್ದೂ ಹಾಗೆ. ಆದರೆ ಮೇಲಿನವರು ಅವನ ಗೀತೆಗಳನ್ನು ಆರಾಧನೆಯಲ್ಲಿ ಹಾಡಲು ಅಪ್ಪಣೆ ಕೊಡಲಿಲ್ಲ. ಹೆಂಡತಿ, ಸಣ್ಣ ಮಕ್ಕಳು ಇದ್ದ ಅವನು ಉತ್ಸವಕ್ಕೆ ಕೆಲವೇ ದಿನ ಮುಂಚೆ ಪಾದ್ರಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟನು. ಅಂದು ಬಾಗಿಲ ಹೊರಗೆ ನಿಂತ ಆ ಗೀತೆ ಇಂದು ಡೇನಿಷರಿಗೆ ಅತಿಪ್ರಿಯವಾದ ಗೀತೆಗಳಲ್ಲಿ ಒಂದು.

ಕೆಲಸವಿಲ್ಲದ ಈ ವರ್ಷಗಳಲ್ಲಿ, 1829ರಿಂದ 1831ರವರೆಗೆ ಮೂರು ಬೇಸಗೆ, ಅವನು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಪ್ರಾಚೀನ ಹಸ್ತಪ್ರತಿಗಳನ್ನು ಓದಿದನು. ತನ್ನ ರಾಜಧಾನಿಯನ್ನು ಸುಟ್ಟ ದೇಶವೆಂದು ಅವನು ಇಂಗ್ಲೆಂಡನ್ನು ದೂರವಿಡಲಿಲ್ಲ. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಗುರುಗಳೂ ವಿದ್ಯಾರ್ಥಿಗಳೂ ಒಂದೇ ಕಡೆ ಇದ್ದು, ಒಟ್ಟಿಗೆ ಉಂಡು, ಮಾತಾಡುವುದನ್ನು ಕಂಡು ಸಂತೋಷಪಟ್ಟನು. ಇಂಥ ಶಾಲೆ ರೈತರ ಮಕ್ಕಳಿಗೆ ಏಕಾಗಬಾರದು ಎಂಬ ಯೋಚನೆ ಅಲ್ಲಿಂದ ಬಲಿಯಿತು. ಪರೀಕ್ಷೆ ಇರಬಾರದು, ಲ್ಯಾಟಿನ್ ಇರಬಾರದು, ತಾಯ್ನುಡಿಯಲ್ಲಿ ಚರಿತ್ರೆ ಹೇಳಬೇಕು, ಒಟ್ಟಿಗೆ ಹಾಡಬೇಕು. ಮನುಷ್ಯನು ಮೊದಲು ಮನುಷ್ಯನಾಗಬೇಕು, ಕ್ರೈಸ್ತನಾಗುವುದು ಆಮೇಲಿನ ಮಾತು ಎಂದು ಅವನು ಹೇಳುತ್ತ ಬಂದನು. ಬಲವಂತದ ಧರ್ಮಬೋಧೆಯನ್ನು ಅವನು ಒಪ್ಪಲಿಲ್ಲ.

1838ರಲ್ಲಿ ಕೋಪನ್‌ಹೇಗನ್ನಿನಲ್ಲಿ ತನ್ನ ಕಾಲದ ಐವತ್ತು ವರ್ಷಗಳ ಚರಿತ್ರೆಯನ್ನು ಕುರಿತು ಐವತ್ತಕ್ಕೂ ಹೆಚ್ಚು ಉಪನ್ಯಾಸಗಳನ್ನು ಕೊಟ್ಟನು. ಒಂದು ಸಂಜೆ 1808ರ ಕಡಲಕಾಳಗದಲ್ಲಿ ಮಡಿದ ತರುಣ ನಾವಿಕ ವಿಲೆಮೋಸನ ಮಾತು ಬಂದಿತು. ಗ್ರುಂಟ್ವಿಗನು ಅವನನ್ನು ಬಲ್ಲವನು, ಅವನ ಮೇಲೆ ಹಿಂದೆಯೇ ಹಾಡು ಬರೆದವನು. ಉಪನ್ಯಾಸ ಮುಗಿದೊಡನೆ, ಯಾರೂ ಹೇಳದಿದ್ದರೂ, ಕೇಳುಗರೆಲ್ಲ ಆ ಹಾಡನ್ನು ಒಕ್ಕೊರಲಿನಿಂದ ಹಾಡಿದರು. ಡೆನ್ಮಾರ್ಕಿನ ಸಭೆಗಳಲ್ಲಿ ಒಟ್ಟಿಗೆ ಹಾಡುವ ವಾಡಿಕೆ ಆ ಸಂಜೆಯಿಂದ ಬಂದಿತೆನ್ನುತ್ತಾರೆ.

1839ರಲ್ಲಿ ವಾರ್ಟೋ ಎಂಬ ವೃದ್ಧಾಶ್ರಮದ ಸಣ್ಣ ಚರ್ಚಿಗೆ ಅವನನ್ನು ಪಾದ್ರಿಯಾಗಿ ನೇಮಿಸಿದರು. ದೊಡ್ಡ ಚರ್ಚುಗಳು ಸಿಗದ ವಿದ್ವಾಂಸನು ಬಡ ಮುದುಕಿಯರ ನಡುವೆ 33 ವರ್ಷ ಉಪದೇಶಿಸಿದನು. ಅವನ ಹೊಸ ಗೀತೆಗಳು ಮೊದಲು ಬೇರೂರಿದ್ದು ಅಲ್ಲಿಯೇ. ಕೇಳಲು ವಿದ್ಯಾರ್ಥಿಗಳು ಬಂದರು, ರೈತರು ಬಂದರು, ರಾಣಿಯೂ ಬಂದಳು. ಅವನು ಬರೆದ ಮತ್ತು ಅನುವಾದಿಸಿದ ಭಕ್ತಿಗೀತೆಗಳು ಸುಮಾರು 1500. ಇಂದಿನ ಡೇನಿಷ್ ಗೀತಪುಸ್ತಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಅವನದು.

1844ರಲ್ಲಿ ಷ್ಲೆಸ್ವಿಗ್ ಪ್ರಾಂತದ ರೋಡಿಂಗ್ ಎಂಬಲ್ಲಿ ಅವನ ಕನಸಿನ ಮೊದಲ ಜನತಾ ಶಾಲೆ ಪ್ರಾರಂಭವಾಯಿತು. ನಡೆಸಿದವರು ಇತರರು, ವಿಚಾರ ಅವನದು. 1851ರಲ್ಲಿ ಕ್ರಿಸ್ಟನ್ ಕೋಲ್ಡ್ ಎಂಬ ಚಮ್ಮಾರನ ಮಗ ರೂಸ್ಲಿಂಗೆಯಲ್ಲಿ ಇನ್ನೊಂದನ್ನು ತೆರೆದನು. 1864ರ ಸೋಲಿನ ನಂತರ, ದೇಶ ತನ್ನ ನೆಲದ ದೊಡ್ಡ ಭಾಗವನ್ನು ಕಳೆದುಕೊಂಡಾಗ, ಇಂಥ ಶಾಲೆಗಳು ಊರೂರಿಗೆ ಹಬ್ಬಿದವು. ಚಳಿಗಾಲದಲ್ಲಿ ರೈತ ಯುವಕರು ಬಂದು, ಹಾಡಿನಿಂದ ದಿನವನ್ನು ಆರಂಭಿಸಿ ನಾಡಿನ ಚರಿತ್ರೆಯನ್ನು ಕೇಳಿದರು. ಹೀಗೆ ಕಲಿತವರೇ ಮುಂದೆ ಹಾಲಿನ ಸಹಕಾರ ಸಂಘಗಳನ್ನು ಕಟ್ಟಿದವರ ಮುಂದಾಳುಗಳಾದರು. ನಮ್ಮ ಅಧ್ಯಾಪಕರು ನಕ್ಕದ್ದು ಏಕೆಂದು ಆಗ ನನಗೆ ತಿಳಿಯಿತು.

ಈ ವಿಚಾರ ನಮ್ಮ ನಾಡಿಗೂ ಬಂದಿತ್ತು. ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು ನಂಜನಗೂಡಿನಲ್ಲಿ ರೈತ ಯುವಕರಿಗಾಗಿ ತೆರೆದ ವಿದ್ಯಾಪೀಠಕ್ಕೆ ಡೆನ್ಮಾರ್ಕಿನ ಈ ಶಾಲೆಗಳೇ ಮಾದರಿ.

ಗ್ರುಂಟ್ವಿಗನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಜರ್ಮನರೊಡನೆ 1848ರಲ್ಲಿ ಯುದ್ಧ ಬಂದಾಗ ಅವನ ಲೇಖನಿಯೂ ಕತ್ತಿ ಹಿಡಿದವರ ಜೊತೆ ಸೇರಿತು. ಆಗಿನ ಬರಹಗಳಲ್ಲಿ ಪ್ರಾರ್ಥನೆಗಿಂತ ಅಭಿಮಾನ ಹೆಚ್ಚು. ಅವನ ಕಾಲದ ಇನ್ನೊಬ್ಬ ಮೇಧಾವಿ ಕೀರ್ಕೆಗಾರ್ಡನು, ವಿಶ್ವಾಸವೆಂಬುದು ದೇವರೆದುರು ಒಂಟಿಯಾಗಿ ನಿಂತವನ ಮಾತು, ಅದನ್ನು ಜನಾಂಗದ ಪಿತ್ರಾರ್ಜಿತ ಆಸ್ತಿ ಮಾಡಬಾರದೆಂದು ಅವನನ್ನು ಟೀಕಿಸಿದನು. ಈ ಟೀಕೆಯಲ್ಲಿ ಸತ್ಯವಿದೆ. ತನ್ನ ದೇಶವೇ ದೇವರ ಮುದ್ದಿನ ಮಗು ಎಂದು ಚರಿತ್ರೆ ಓದಿದವನು ನೆರೆಯವನನ್ನು ಹಗೆಯಾಗಿ ಕಾಣುವುದು ಸುಲಭ. ಆದರೆ ಗ್ರುಂಟ್ವಿಗನ ಇನ್ನೊಂದು ಮುಖವನ್ನೂ ನೋಡಬೇಕು. ಡೇನಿಷರು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. 1839ರಲ್ಲಿ ಗುಲಾಮಗಿರಿಯ ವಿರುದ್ಧ ಏರ್ಪಟ್ಟ ಸಮಿತಿಯಲ್ಲಿ ಗ್ರುಂಟ್ವಿಗನು ಸದಸ್ಯನಾಗಿದ್ದನು; ಮನುಷ್ಯನು ಮನುಷ್ಯನ ಸ್ವತ್ತಾಗಲಾರನೆಂದು ವಾದಿಸಿದನು. 1848ರಲ್ಲಿ ಆ ಗುಲಾಮರು ಬಿಡುಗಡೆ ಹೊಂದಿದರು. ತನ್ನ ಜನರ ಚರಿತ್ರೆಯಲ್ಲಿ ಪಾಪವನ್ನೂ ಕಾಣಬಲ್ಲವನು ಮಾತ್ರ ಹೀಗೆ ನಡೆದುಕೊಳ್ಳಬಲ್ಲನು. ಮುಪ್ಪಿನಲ್ಲಿ ಅವನು ಬರೆದ ಒಂದು ದೀರ್ಘ ಕಾವ್ಯದಲ್ಲಿ ವಿಶ್ವಾಸದ ಬೆಳಕು ಹೀಬ್ರೂ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್, ಜರ್ಮನ್ ಜನರನ್ನು ದಾಟಿ ಉತ್ತರದವರ ಬಳಿಗೆ ಬರುತ್ತದೆ. ಅಲ್ಲಿಗೆ ಅದು ನಿಲ್ಲುವುದಿಲ್ಲ. ಏಳನೆಯದಾಗಿ ಮತ್ತೊಂದು ಜನಾಂಗದ ಸರದಿ ಇನ್ನೂ ಬರಬೇಕಾಗಿದೆ. ಎಂದರೆ ತನ್ನ ನಾಡೇ ಕೊನೆಯ ನಿಲ್ದಾಣವೆಂದು ಅವನು ಎಣಿಸಲಿಲ್ಲ.

1872ನೆಯ ಇಸವಿ ಸೆಪ್ಟೆಂಬರ್ 1, ಭಾನುವಾರ, 89 ವರ್ಷ ತುಂಬಲು ಒಂದೇ ವಾರವಿದ್ದಾಗ, ಅವನು ವಾರ್ಟೋ ಚರ್ಚಿನಲ್ಲಿ ಎಂದಿನಂತೆ ಉಪದೇಶ ಮಾಡಿದನು. ಮರುದಿನ ತೀರಿಕೊಂಡನು.

ಈ ಲೇಖನ ಮುಗಿಸುವ ಮುನ್ನ ನನ್ನ ಒಂದು ಮಾತು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆಗೆ ಅಕ್ಷರ ಬಾರದು. ಮೊದಲನೆಯ ವರ್ಷ ಅವರು ಅಕ್ಕಿಮೂಟೆ ಹೊತ್ತು ನನ್ನನ್ನು ನೋಡಲು ಹಾಸ್ಟೆಲಿಗೆ ಬಂದಾಗ, ಗೆಳೆಯರ ಮುಂದೆ ಅವರ ಹಳ್ಳಿಮಾತಿಗೆ ನಾನು ನಾಚಿಕೊಂಡಿದ್ದೆ. ಇದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಗ್ರುಂಟ್ವಿಗನ ಬಾಳನ್ನು ಓದಿದ ಮೇಲೆ, ಕಳೆದ ಬೇಸಗೆ ರಜದಲ್ಲಿ, ನಮ್ಮೂರ ಕೆರೆ ಏರಿ ಒಡೆದ ವರ್ಷದ ಸಂಗತಿಯನ್ನು ಹೇಳಿರೆಂದು ಅವರನ್ನು ಕೇಳಿದೆ. ಜಗಲಿಯ ಮೇಲೆ ಕುಳಿತು ಒಂದು ಗಂಟೆ ಹೇಳಿದರು. ಯಾರ ಮನೆ ಕೊಚ್ಚಿಹೋಯಿತು, ಯಾರು ಯಾರಿಗೆ ಅನ್ನ ಹಾಕಿದರು, ಯಾರು ಆ ಹೊತ್ತಿನಲ್ಲಿ ಕಾಳು ಬಚ್ಚಿಟ್ಟರು, ಏರಿಯನ್ನು ಮತ್ತೆ ಕಟ್ಟಲು ಎಷ್ಟು ದಿನ ಮಣ್ಣು ಹೊತ್ತರು, ಯಾವುದನ್ನೂ ಮರೆತಿರಲಿಲ್ಲ. ಮುಗಿಸಿದ ಮೇಲೆ, ನಾನು ಪಕ್ಕದಲ್ಲಿರುವುದನ್ನೂ ಮರೆತು, ಕೆರೆಯ ಕಡೆಗೆ ತಿರುಗಿ ಕೈಮುಗಿದರು.

ಡೆನ್ಮಾರ್ಕಿನ ಪಾದ್ರಿಯು ಆ ಸಾವಿರಾರು ಪುಟಗಳಲ್ಲಿ ಏನನ್ನು ಹೇಳುತ್ತಿದ್ದನೆಂಬುದು ನನಗೆ ಆಗ ಸ್ಪಷ್ಟವಾಯಿತು. ನಮ್ಮ ಮನೆಗಳಲ್ಲಿಯೂ ಇಂಥ ಚರಿತ್ರೆ ಇದೆ. ಪರೀಕ್ಷೆ ಮುಗಿದು ಊರಿಗೆ ಹೋದಾಗ ಗೆಳೆಯರು ಅದನ್ನು ಒಮ್ಮೆ ಕೇಳಿನೋಡಬೇಕೆಂದು ನನ್ನ ವಿನಂತಿ.